ನಾನು ಅಳಿಸಿದ ದ್ವೀಪ

ದೇಶಗಳು ನಾಶವಾಗುವುದು ಯುದ್ಧದಿಂದ, ಕ್ಷಾಮದಿಂದ, ಅರಸರ ದುರಾಸೆಯಿಂದ. ನಾನು ನಾಶ ಮಾಡಿದ ದೇಶಕ್ಕೆ ಮಾತ್ರ ಒಂದು ನೀಲಿ ಪೆನ್ಸಿಲ್ ಸಾಕಾಯಿತು. ಹೊಟ್ಟೆಕಿಚ್ಚಿನಿಂದ ಅದನ್ನು ಅಳಿಸಿದೆ, ತಪ್ಪನ್ನು ಮೂರ್ತಿಯವರ ತಲೆಗೆ ಕಟ್ಟಿದೆ. ಮೊದಲು ಇಷ್ಟು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಡುವೆಯೆಲ್ಲೋ ಜಾಣನಾಗಿಬಿಡುತ್ತೇನೆ.

ಎಣ್ಣೆಯ ಬೆಲೆ ಕುಸಿದ ಎಂಬತ್ತರ ದಶಕದ ಆ ದಿನಗಳಲ್ಲಿ ನಾವೆಲ್ಲ ಮಸ್ಕತ್ತಿನ ದಾರ್ಸೈಟ್‌ನಲ್ಲಿದ್ದೆವು. ನಾನು ನಕ್ಷೆ ಬರೆಯುತ್ತಿದ್ದ ಕಚೇರಿಯಲ್ಲಿ ಬರೆಯಲು ನಕ್ಷೆಗಳೇ ಇರಲಿಲ್ಲ. ಕೆಲಸದಿಂದ ತೆಗೆಯಲು ಯಾರ ಹೆಸರನ್ನು ಯಾವಾಗ ಕರೆಯುತ್ತಾರೋ ಎಂದು ಕಾಯುವುದೇ ಉದ್ಯೋಗ. ಆದರೂ ಆ ಸಂಜೆಗಳು — ಬಿಸಿ ಕಾರುವ ಗೋಡೆಗಳು, ಮೆಟ್ಟಿಲಿನಲ್ಲಿ ಯಾರದೋ ಮನೆಯ ಲೋಬಾನದ ಹೊಗೆ, ಹಮೀದರ ಬಟ್ಟೆ ಅಂಗಡಿಯ ಸುಲೈಮಾನಿ ಚಹಾ — ಈಗ ನೆನೆದರೆ ಅದಕ್ಕಿಂತ ಶ್ರೀಮಂತನಾಗಿ ನಾನೆಂದೂ ಬದುಕಿಲ್ಲ.

ಹಮೀದರು ಉಳ್ಳಾಲದ ಕಡೆಯ ಬ್ಯಾರಿಗಳು. ಅವರಿಗೆ ಜಾಮೀನು ನಿಲ್ಲುವ ಅರಬ್ಬಿ ಕಫೀಲನನ್ನು ಹುಡುಕಿಕೊಟ್ಟು, ಅಂಗಡಿ ಇಡುವಂತೆ ಮಾಡಿದವರು ನನ್ನದೇ ಕಚೇರಿಯಲ್ಲಿದ್ದ, ನಮ್ಮ ಕನ್ನಡ ಕೂಟದ ಕಾರ್ಯದರ್ಶಿ ಮೂರ್ತಿಯವರು. ಪ್ರತಿ ಶುಕ್ರವಾರ ಜುಮಾ ನಮಾಜು ಮುಗಿಸಿ ಹಮೀದರು ಬರುವವರೆಗೆ ಮೂರ್ತಿಯವರ ಮನೆಯಲ್ಲಿ ಎಲೆ ಹಾಕುತ್ತಿರಲಿಲ್ಲ. ಆ ಸ್ನೇಹವೇ ನಾನು ಮುರಿದದ್ದು.

ಆ ವರ್ಷ ಕೂಟದ ಹಬ್ಬಕ್ಕೆ ಖರ್ಚಿಲ್ಲದ ನಾಟಕ ಬೇಕಿತ್ತು. ಸಾಹಿತ್ಯದ ಭಾರವನ್ನು ಹೊರಲು ಹುಟ್ಟಿದವನೆಂದು ನಂಬಿದ್ದ ನಾನು ಒಪ್ಪಿಕೊಂಡೆ: ಇಲ್ಲದ ದೇಶಗಳ ಸಭೆ. ಒಂದೊಂದು ಮಗು ಒಂದೊಂದು ಕಲ್ಪಿತ ದೇಶದ ಪ್ರತಿನಿಧಿ, ಮೈಮೇಲೆ ಮನೆಯ ಪರದೆ. ನನ್ನ ಮಗ ಗೊರಕೆಪುರದ ಅರಸ. ಅಲ್ಲಿ ರಾಷ್ಟ್ರಗೀತೆಯನ್ನು ಮಲಗಿಕೊಂಡು ಹಾಡುತ್ತಾರೆ. ಕೊನೆಯ ಪ್ರವೇಶ ಅವನದು, ಎಂದರೆ ನನ್ನದು.

ಕಥೆ ಕೇಳಿದ ಹಮೀದರು ಗಜಕಡ್ಡಿ ಕೆಳಗಿಟ್ಟರು. “ಇಷ್ಟು ದೇಶ ಮಾಡಿದ್ದೀರಿ ರಾಯರೇ, ನಮ್ಮವರು ಒಬ್ಬರೂ ಇಲ್ವಾ ಮಾರಾಯ್ರೆ? ಮ್ಯಾಪು ನಿಮ್ಮದೇ. ಒಂದು ದ್ವೀಪ ಕೊಡಿ.”

ಕೊಟ್ಟೆ. ಅವರ ಮಗಳು ಸಫಿಯಾ ಅದರ ಪ್ರತಿನಿಧಿಯಾದಳು. ದ್ವೀಪದ ನಂಬಿಕೆಗಳನ್ನು ಹಮೀದರು ಬಟ್ಟೆ ಅಳೆಯುತ್ತಲೇ ಹೇಳಿದರು — ಸರಿಸಾಟಿಯಿಲ್ಲದ ಒಬ್ಬ ದೇವರು, ಅವನ ದೂತರಾದ ಮಲಕ್‌ಗಳು, ಅವನು ಇಳಿಸಿದ ಗ್ರಂಥಗಳು, ಕಳಿಸಿದ ಪ್ರವಾದಿಗಳು, ಎಲ್ಲರೂ ಲೆಕ್ಕ ಒಪ್ಪಿಸುವ ಕೊನೆಯ ದಿನ, ಒಳ್ಳೆಯದೂ ಕೆಟ್ಟದ್ದೂ ಅವನ ವಿಧಿಯೆಂಬ ಭರವಸೆ. ನಾನು ಉತ್ಸಾಹದಲ್ಲಿ, ದ್ವೀಪಕ್ಕೆಂದೇ ಒಬ್ಬ ಹೊಸ ಪ್ರವಾದಿಯನ್ನು ಸೃಷ್ಟಿಸೋಣವೇ ಎಂದೆ.

“ಅದು ಆಗ್ಲಿಕ್ಕಿಲ್ಲ. ಕೊನೆಯವರು ಬಂದು ಆಗಿದೆ. ದ್ವೀಪ ಎಷ್ಟು ಬೇಕಾದ್ರೂ ಹೊಸತು ಮಾಡಿ.”

ಹಾಗಾದರೆ ಸುದ್ದಿ ದ್ವೀಪಕ್ಕೆ ತಲುಪಿದ್ದು ಹೇಗೆ? ದಾರಿ ತಪ್ಪಿದ ಒಂದು ಹಡಗಿನಿಂದ ಎಂದು ತೀರ್ಮಾನವಾಯಿತು. ಹಡಗಿನಲ್ಲಿ ಬಂದವನು ಬಟ್ಟೆ ವ್ಯಾಪಾರಿಯೇ ಆಗಿರಬೇಕೆಂದು ಹಮೀದರು ಪಟ್ಟು ಹಿಡಿದರು. ಆಗ ನಾನು ನಕ್ಷೆಯವನ ಬುದ್ಧಿ ತೋರಿಸಿದೆ: ಭೂಪಟದಲ್ಲೇ ಇಲ್ಲದ ದ್ವೀಪದವರು ನಮಾಜಿಗೆ ಯಾವ ದಿಕ್ಕಿಗೆ ನಿಲ್ಲುತ್ತಾರೆ? ಮಕ್ಕಾ ಅವರಿಗೆ ಯಾವ ಕಡೆ? ಹಮೀದರು ನಗಲಿಲ್ಲ. ಮಸೀದಿಯ ಉಸ್ತಾದರನ್ನು ಕೇಳಿಕೊಂಡು ಬಂದು, ಮಗಳಿಗೆ ತಾವೇ ಉತ್ತರ ಕಲಿಸಿದರು.

ಮೂರ್ತಿಯವರ ಮನೆಯಲ್ಲಿ ತಾಲೀಮು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ ಸಫಿಯಾ, ಅಂದು ಕೈಕಟ್ಟಿ ನಿಂತು ಕನ್ನಡದಲ್ಲಿ ಹೇಳಿದಳು: “ನಮ್ಮ ದ್ವೀಪ ಯಾವ ಭೂಪಟದಲ್ಲೂ ಇಲ್ಲ. ಮಕ್ಕಾ ಯಾವ ಕಡೆ ಎಂದು ನಮಗೆ ಗೊತ್ತಿಲ್ಲ. ಆದಷ್ಟು ಹುಡುಕುತ್ತೇವೆ, ಆಮೇಲೆ ಒಂದು ಕಡೆ ಮುಖ ಮಾಡಿ ನಿಲ್ಲುತ್ತೇವೆ. ನಾವು ಹುಡುಕಿದ್ದು ಅವನಿಗೆ ಗೊತ್ತು.”

ಯಾರೂ ಅಲುಗಲಿಲ್ಲ. ಗೊತ್ತಿಲ್ಲದ ದಿಕ್ಕಿಗೆ ಮುಖ ಮಾಡಿ ನಿಂತವರು — ಆ ವರ್ಷ ಆ ಕೋಣೆಯಲ್ಲಿ ಬೇರೆ ಯಾರಿದ್ದರು? ಅದರ ಬೆನ್ನಿಗೇ ಗೊರಕೆಪುರದ ಅರಸ ಬಂದು ಗೊರಕೆ ಹೊಡೆದ. ಅವನ ತಾಯಿಯೂ ನಗಲಿಲ್ಲ.

ಮೂರ್ತಿಯವರು ಕನ್ನಡಕ ಒರೆಸಿಕೊಂಡರು. “ರಾಯರೇ, ಆ ಮಗೂನ ಕೊನೆಗೆ ಇಡಿ. ಅವಳಾದ ಮೇಲೆ ಯಾರ ಮಾತೂ ನಿಲ್ಲಲ್ಲ.”

ಒಳ್ಳೆಯ ಮಾತು. ಅದಕ್ಕೇ ಅದು ನನಗೆ — ಏನೆಂದು ಬರೆಯಲಿ? ಸಾಲುಗಳು ನನ್ನವಲ್ಲ, ಮೌನ ಅವಕ್ಕೆ ಸಿಕ್ಕಿತ್ತು. ಮರುದಿನ ದ್ವೀಪದ ಸಾಲುಗಳ ಮೇಲೆ ನೀಲಿ ಪೆನ್ಸಿಲ್ ಎಳೆದು, ಹಮೀದರ ಅಂಗಡಿಗೆ ಹೋಗಿ ಮುಖ ಗಂಟಿಕ್ಕಿಕೊಂಡು ಹೇಳಿದೆ: “ದ್ವೀಪ ಬೇಡವಂತೆ. ಕಾಲ ಸರಿಯಿಲ್ಲ, ಸ್ಟೇಜಿನ ಮೇಲೆ ಧರ್ಮದ ಮಾತು ಯಾಕೆ ಅಂದರು.”

“ಯಾರು? ಮೂರ್ತಿಯವರಾ?”

“ಹೌದು.”

ಅವರು ಬಹಳ ಹೊತ್ತು ಒಂದೇ ಬಟ್ಟೆಯನ್ನು ಮಡಿಸುತ್ತಿದ್ದರು. “ಅವರು ಹೇಳಿದ್ರೆ ಖಲಾಸ್,” ಎಂದರು. ಅನ್ನಕ್ಕೆ ದಾರಿ ಮಾಡಿಕೊಟ್ಟವರನ್ನು ಹೋಗಿ ಪ್ರಶ್ನಿಸುವವರಲ್ಲ ಅವರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಹೆಸರು ಹೇಳಿದೆ. ಮೂರ್ತಿಯವರಿಗೆ, ಮಗಳನ್ನು ಸ್ಟೇಜಿಗೆ ಕಳಿಸಲು ಹಮೀದರಿಗೇ ಮನಸ್ಸಿಲ್ಲವಂತೆ ಎಂದೆ. ತಂದೆಯ ಇಷ್ಟ, ಒತ್ತಾಯ ಮಾಡಬಾರದು ಎಂದರು ಅವರು. ಇಬ್ಬರ ಸಭ್ಯತೆಯೂ ನನ್ನ ಸುಳ್ಳಿಗೆ ಕಾವಲು ನಿಂತಿತು.

ನಾಟಕ ಗೆದ್ದಿತು. ಗೊರಕೆಗೆ ಚಪ್ಪಾಳೆ ಬಿತ್ತು. ಶುಕ್ರವಾರ ಹಮೀದರು ಊಟಕ್ಕೆ ಬರಲಿಲ್ಲ, ಮುಂದಿನ ಶುಕ್ರವಾರವೂ ಇಲ್ಲ. ಕೆಲವೇ ತಿಂಗಳಲ್ಲಿ ಅಂಗಡಿಯನ್ನು ದೂರದ ಸಹಮ್ ಊರಿಗೆ ಸಾಗಿಸಿಬಿಟ್ಟರು. ಆಮೇಲೆ ಕಚೇರಿಯವರು ಕರೆದದ್ದು ಮೂರ್ತಿಯವರ ಹೆಸರನ್ನು. ಊರಿಗೆ ಹೊರಡುವ ಮುಂಚೆ ಅವರು ಟ್ಯಾಕ್ಸಿ ಮಾಡಿಕೊಂಡು ಸಹಮ್‌ವರೆಗೆ ಹೋಗಿಬಂದರು.

“ಜ್ಯೂಸು ಕೊಟ್ರು. ಕೂತ್ಕೊಳ್ಳಿ ಅಂದ್ರು. ಆಮೇಲೆ ಒಳಗೆ ಹೋದೋರು ಬರಲೇ ಇಲ್ಲ. ನಾನೇನು ಮಾಡಿದೆ, ನಿಮಗೇನಾದ್ರೂ ಗೊತ್ತಾ?”

ವ್ಯಾಪಾರದ ಚಿಂತೆ ಇರಬಹುದು ಎಂದೆ. ಹೇಳಲು ಅದಕ್ಕಿಂತ ಒಳ್ಳೆಯ ಕ್ಷಣ ಮತ್ತೆ ಬರಲಿಲ್ಲ — ಬಂದಿದ್ದರೂ ಹೇಳುತ್ತಿದ್ದೆ ಎಂಬ ಧೈರ್ಯ ನನಗಿಲ್ಲ.

ಹೋದ ವರ್ಷ ಉಳ್ಳಾಲಕ್ಕೆ ಫೋನು ಮಾಡಿ ಹಮೀದರಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೆಂದು ಬರೆದರೆ ಅದೂ ನನ್ನ ಬಗ್ಗೆಯೇ ಆಗುತ್ತದೆ. ಕೇಳಿದ್ದು ಇಷ್ಟೇ: “ಮೂರ್ತಿಯವರ ನಂಬರು ಉಂಟಾ?”

ಮೂರ್ತಿಯವರು ತೀರಿಕೊಂಡು ಎರಡು ವರ್ಷವಾಗಿತ್ತು.