ಸಪ್ಪಳ ನಿಂತ ಹನ್ನೊಂದು ಸೆಕೆಂಡು

ಗಾಡಿಯಲ್ಲಿ ಏಳು ಸೀಟು. ನನ್ನದೊಂದನ್ನು ಬಿಟ್ಟು ಉಳಿದ ಆರರಲ್ಲೂ ಉಸುಕಿನ ಚೀಲಗಳು ಕೂತಿರುತ್ತಿದ್ದವು. ಒಂದೊಂದು ಸೀಟಿಗೂ ಒಬ್ಬ ಮನುಷ್ಯನ ತೂಕ. ಚೀಲ ಜಾರಬಾರದೆಂದು ಬೆಲ್ಟ್ ಬಿಗಿಯುತ್ತಿದ್ದೆವು. ಹಾಲಿನ ಕೆನೆಯ ಬಣ್ಣದ, ಕೈಯಿಟ್ಟರೆ ಒಳಗೆ ಇಳಿಯುವಂಥ ಚರ್ಮದ ಸೀಟು. ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಸೀನಾ ಹೊಳೆಯ ಉಸುಕು. ಭೀಮಾ ಹೊಳೆಯದೂ ಇರಬಹುದು. ಯಾವ ಹೊಳೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಈಗ ಬರೆಯುವಾಗ ಸೀನಾ ಎಂದು ಕೈ ತಾನೇ ಬರೆಯಿತು, ಅಷ್ಟೇ. ಮುಂದಿನದನ್ನೂ ಇದೇ ಎಚ್ಚರದಲ್ಲಿ ಓದುವುದು ಒಳ್ಳೆಯದು.

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ, ಚಾದರ ನೇಯುವ ಮಗ್ಗಗಳ ನಡುವೆ ಖಾಲಿ ಬಿದ್ದಿದ್ದ ಒಂದು ಶೆಡ್ಡನ್ನು ಪುಣೆಯ ಗಾಡಿ ಕಂಪನಿಯವರು ಹಿಡಿದಿದ್ದರು. ಅದರೊಳಗೆ ಈ ಒಂದೇ ಗಾಡಿ. ದೊಡ್ಡದು, ಶ್ರೀಮಂತರಿಗಾಗಿ ಮಾಡಿದ್ದು, ಆದರೆ ಮಾರಾಟಕ್ಕಲ್ಲ. ಹೀಗೂ ಒಂದು ಗಾಡಿ ಆಗಬಹುದು ಎಂದು ತೋರಿಸಲು ಕಟ್ಟಿದ ಕಾನ್ಸೆಪ್ಟ್. ಡೀಸೆಲ್ ಎಂಜಿನ್ನಿನ ಜೊತೆಗೆ ಕರೆಂಟಿನ ಮೋಟರು, ಹಿಂದಿನ ಸೀಟಿನ ಕೆಳಗೆ ಬ್ಯಾಟರಿ. ಅಷ್ಟು ಭಾರದ ಗಾಡಿ ಸಣ್ಣ ಕಾರಿನಷ್ಟೇ ಎಣ್ಣೆ ಕುಡಿಯಬೇಕು ಅನ್ನುವುದು ಅವರ ಹಟ. ಓಡುತ್ತಿರುವಾಗ ಎಕ್ಸಿಲರೇಟರಿನ ಮೇಲಿಂದ ಕಾಲು ಎತ್ತಿದರೆ ಎಂಜಿನ್ ತಾನೇ ಬಂದ್ ಆಗುತ್ತಿತ್ತು. ಗಾಡಿ ಸಪ್ಪಳವಿಲ್ಲದೆ ಮುಂದಕ್ಕೆ ಹರಿಯುತ್ತಿತ್ತು. ಮತ್ತೆ ಒತ್ತಿದರೆ ಎಂಜಿನ್ ಏಳುತ್ತಿತ್ತು. ಮೊದಲ ವಾರವೆಲ್ಲ ಪ್ರತಿ ಸಲವೂ ಗಾಡಿ ಕೆಟ್ಟಿತೆಂದೇ ಅಂದುಕೊಳ್ಳುತ್ತಿದ್ದೆ.

ನಾನು ಡ್ರೈವರು. ಅದಕ್ಕೆ ಮೊದಲು ಅದೇ ಎಂಐಡಿಸಿಯಿಂದ ಟಾವೆಲ್ಲಿನ ಗಂಟು ಸಾಗಿಸುವ ಟೆಂಪೊ ಓಡಿಸುತ್ತಿದ್ದೆ. ಇಲ್ಲಿನ ಕೆಲಸ ಹೀಗಿತ್ತು. ಬೆಳಕು ಹರಿಯುವಾಗ ಒಂದೇ ಬಂಕಿನ ಒಂದೇ ಪಂಪಿನಲ್ಲಿ ಟಾಕಿಯ ಕುತ್ತಿಗೆವರೆಗೆ ಎಣ್ಣೆ ತುಂಬಿಸಬೇಕು. ಗುಳ್ಳೆ ಹೋಗಲೆಂದು ಗಾಡಿಯನ್ನು ಹಿಡಿದು ಅಲುಗಾಡಿಸಿ ಮತ್ತೆ ತುಂಬಿಸಬೇಕು. ಅಕ್ಕಲಕೋಟದ ಹೊರಗೆ ತಿರುಗಿಸಿಕೊಂಡು ಬರಬೇಕು. ಹೀಗೆ ಐದು ಸುತ್ತು. ಊರೊಳಗೆ ಬಿಟ್ಟರೆ ಬೇರೆಲ್ಲೂ ವೇಗ ಅರವತ್ತಕ್ಕಿಂತ ಇಳಿಯಬಾರದು. ನಿಲ್ಲಬಾರದು, ನಿಂತರೆ ಆ ಸುತ್ತು ರದ್ದು, ಆ ದಿನವೂ ರದ್ದು. ಯಾರನ್ನೂ ಹತ್ತಿಸಿಕೊಳ್ಳಬಾರದು. ಕ್ಯಾಮೆರಾ ಇರುತ್ತದೆಂದು ಫೋನನ್ನು ಶೆಡ್ಡಿನಲ್ಲೇ ಬಿಟ್ಟು ಹೋಗಬೇಕು. ಗಾಡಿಯ ಆಕಾರ ಯಾರಿಗೂ ತಿಳಿಯದಂತೆ ಮೈತುಂಬ ಕಪ್ಪುಬಿಳುಪು ಸುರುಳಿಗಳ ಸ್ಟಿಕ್ಕರ್ ಅಂಟಿಸಿದ್ದರು.

ಕುಂಭಾರಿ ದಾಟಿ ಕೆಲವು ಕಿಲೋಮೀಟರಿಗೆ, ರಸ್ತೆಗೆ ಹತ್ತಿಕೊಂಡೇ, ನನ್ನ ಅತ್ತಿಯ ಹೊಲ. ಹೊಲದಲ್ಲೇ ಮನೆ. ಅತ್ತಿ ಅಂದರೆ ಅಪ್ಪನ ಅಕ್ಕ. ಅವ್ವ ಹೋದಾಗ ನನಗೆ ನಾಲ್ಕೋ ಐದೋ ವರ್ಷ. ಆಮೇಲೆ ತನ್ನ ಕುರಿಗಳ ಜೊತೆ ನನ್ನನ್ನೂ ಸಾಕಿದವಳು ಅವಳೇ. ಒಂದು ರವಿವಾರ ಹೋದಾಗ ಅಂಗಳದಲ್ಲಿ ಕೂತು ಕೇಳಿದಳು.

"ಅದೇನೋ ನಿನ್ನ ಗಾಡಿ, ಚುಕ್ಕಿ ಕುರಿ ಕಂಡಂಗ ಕಾಣ್ತದ."

"ಹೊಸಾದು ಅತ್ತಿ. ಯಾರಿಗೂ ಗುರ್ತ ಹತ್ತಬಾರ್ದು ಅಂತ ಹಂಗ ಮಾಡ್ಯಾರ."

"ಭಂಡಾರ ಹಚ್ಯಾರೇನು?"

"ಇಲ್ಲ."

"ಭಂಡಾರ ಹಚ್ಚಲಾರದ ಗಾಡಿ ರಸ್ತಾಕ್ಕ ಹ್ಯಾಂಗ ಬಿಟ್ರೋ? ಒಂದಿನ ನಿಂದ್ರಸು, ನಾನೇ ಹಚ್ತೀನಿ. ಹಂಗೇ ನನ್ನ ಕುಂದ್ರಿಸ್ಕೊಂಡು ಅಕ್ಕಲಕೋಟಕ್ಕ ಒಯ್ಯಿ."

"ಜಾಗಾ ಇಲ್ಲತ್ತಿ. ಎಲ್ಲಾ ಸೀಟಿನ್ಯಾಗ ಉಸುಕಿನ ಚೀಲ ಕುಂತಾವ."

"ಉಸುಕಿಗೆ ಜಾಗಾ ಅದ, ಅತ್ತಿಗಿ ಇಲ್ಲ! ಭಾಳ ದೊಡ್ಡ ಡ್ರೈವರ್ ಆಗ್ಯಾನ ನಮ್ಮಾಂವ."

ಒಳಗೆ ರೊಟ್ಟಿ ಬಡಿಯುತ್ತಿದ್ದ ವೈನಿ, ಅಂದರೆ ಅತ್ತಿಯ ಸೊಸೆ, ಅಲ್ಲಿಂದಲೇ ಕೂಗಿದಳು. "ಉಸುಕು ಬಾಯಿ ತಗಿಯಂಗಿಲ್ರಿ, ಅದಕ್ಕ ಒಯ್ತಾನ!"

ಅತ್ತಿಯೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಆದರೆ ಮಾರನೆಯ ದಿನದಿಂದ ಅವಳು ತನ್ನ ದಾರಿ ಹುಡುಕಿಕೊಂಡಳು. ಮೊದಲ ಸುತ್ತಿನ ಹೊತ್ತಿಗೆ ಕುರಿ ಹೊರಗೆ ಬಿಟ್ಟುಕೊಂಡು ರಸ್ತೆಯ ಅಂಚಿನಲ್ಲಿ ನಿಂತಿರುತ್ತಿದ್ದಳು. ಗಾಡಿ ಹತ್ತಿರ ಬಂದ ಕೂಡಲೇ ಬಲಗೈ ಎತ್ತಿ ಕುರಿಗಾರರ ದೇವರು ಬೀರೋಬಾನ ಹೆಸರಲ್ಲಿ ಭಂಡಾರ ಎರಚುತ್ತಿದ್ದಳು. ಅರಿಶಿನದ ಪುಡಿ ಗಾಜಿಗೆ ಬಡಿದು ಹಾರಿಹೋಗುತ್ತಿತ್ತು. ನಾನು ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದೆ. ಪುಣೆಯಿಂದ ಬಂದ ಎಂಜಿನಿಯರ್ ಸಾಹೇಬ ನನಗಿಂತ ಸಣ್ಣವನು, ಒಳ್ಳೆಯವನು. ಬಾನೆಟ್ಟಿನ ಹಳದಿಯನ್ನು ಬೆರಳಿಂದ ಒರೆಸಿ, ಇದರ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲಪ್ಪ ಎಂದು ಮರಾಠಿಯಲ್ಲಿ ನಗುತ್ತಿದ್ದ.

ಆ ದಿನವೂ ಅತ್ತಿ ನಿಂತಿದ್ದಳು. ಕೈ ಎತ್ತಿದಳು. ನಾನು ಮುಂದೆ ಹೋದೆ.

ನನಗೆ ಖಚಿತವಾಗಿ ಗೊತ್ತಿರುವುದು ಈ ಮೂರು ವಾಕ್ಯ. ಉಳಿದದ್ದು ಆಮೇಲೆ ಸೇರಿದ್ದು. ಕುರಿ ಬಿಡುವಾಗಲೇ ಅವಳ ಬಲಭಾಗ ಜೋಮು ಹಿಡಿದಂತಾಗಿತ್ತಂತೆ. ಲಕ್ವಾ. ಕೂಗಲು ಬಾಯಿ ತಿರುಗಿರಲಿಲ್ಲ. ವೈನಿ ಹಿತ್ತಲಲ್ಲಿದ್ದಳು. ಹೇಗೋ ರಸ್ತೆವರೆಗೆ ಬಂದು ಕಿಲೋಮೀಟರ್ ಕಲ್ಲಿಗೆ ಒರಗಿ ಎಡಗೈ ಎತ್ತಿದಳು. ನನ್ನ ಗಾಡಿ ಬರುವ ಹೊತ್ತು ಅವಳಿಗೆ ಗೊತ್ತಿತ್ತು. ಅರ್ಧ ಗಂಟೆಯಾದ ಮೇಲೆ ಹಾಲಿನ ಗಾಡಿಯವನೊಬ್ಬ ಕಲ್ಲಿನ ಬುಡದಲ್ಲಿ ಕುಸಿದಿದ್ದವಳನ್ನು ನೋಡಿ, ವೈನಿಯನ್ನು ಕೂಗಿ, ಇಬ್ಬರನ್ನೂ ಸೊಲ್ಲಾಪುರದ ಆಸ್ಪತ್ರೆಗೆ ಒಯ್ದ. ಸ್ವಲ್ಪ ಮೊದಲು ತರಬೇಕಿತ್ತು ಎಂದು ಡಾಕ್ಟರು ಹೇಳಿದರು. ಡಾಕ್ಟರು ಎಲ್ಲರಿಗೂ ಹಾಗೆ ಹೇಳುತ್ತಾರೆ ಎಂದು ನಾನು ಬಹಳ ದಿನ ಅಂದುಕೊಂಡೆ.

ಅಕ್ಕಲಕೋಟದಿಂದ ತಿರುಗಿ ಬರುವಾಗ ಕಲ್ಲಿನ ಹತ್ತಿರ ಅವಳಿರಲಿಲ್ಲ. ಕುರಿಗಳಷ್ಟೇ ನಿಂತಿದ್ದವು. ಚಹಾಕ್ಕೆ ಒಳಗೆ ಹೋಗಿರಬೇಕು ಅಂದುಕೊಂಡೆ. ಅಥವಾ ಹಾಗೆ ಅಂದುಕೊಂಡೆನೆಂದು ಆಮೇಲೆ ಸೇರಿಸಿಕೊಂಡೆ. ಇನ್ನೂ ನಾಲ್ಕು ಸುತ್ತು ಹೊಡೆದೆ. ಮಧ್ಯಾಹ್ನ ಶೆಡ್ಡಿನಲ್ಲಿ ಹಾಳೆ ತುಂಬಿದೆ. ಎಷ್ಟು ಸಲ ನಿಂತಿತು ಅನ್ನುವ ಕಾಲಮ್ಮಿನಲ್ಲಿ ಐದೂ ಸುತ್ತಿಗೆ ಶೂನ್ಯ ಬರೆದು ಸಹಿ ಮಾಡಿ, ಆಮೇಲೆ ಫೋನ್ ತೆಗೆದುಕೊಂಡೆ. ವೈನಿಯ ಕರೆಗಳಿದ್ದವು.

ಈಗ ಎಡಗೈಯ ವಿಷಯ. ಭಂಡಾರವನ್ನು ನಮ್ಮಲ್ಲಿ ಯಾರೂ ಎಡಗೈಯಿಂದ ಎರಚುವುದಿಲ್ಲ. ಕುರಿಗಳ ನಡುವೆ ಬೆಳೆದ ನನಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ಎತ್ತಿದ್ದು ಎಡಗೈ ಎಂದು ಕಂಡಿದ್ದರೆ ಏನೋ ಕೆಟ್ಟದ್ದಾಗಿದೆ ಎಂದು ಅದೇ ಕ್ಷಣ ಗೊತ್ತಾಗಬೇಕಿತ್ತು. ಕಂಡಿತೇ? ಒಂದು ನೆನಪಿನಲ್ಲಿ ಕೈ ಮೇಲಿದೆ, ಗಾಜಿನ ಮೇಲೆ ಹಳದಿ ಹಾರುತ್ತದೆ, ನಾನು ಹಾರ್ನ್ ಹೊಡೆಯುತ್ತೇನೆ. ಇದು ಸುಳ್ಳು, ಅವಳ ಕೈಯಲ್ಲಿ ಅವತ್ತು ಭಂಡಾರವೇ ಇರಲಿಲ್ಲ. ಹಿಂದಿನ ದಿನಗಳ ಹಳದಿಯನ್ನು ಯಾರೋ ತಂದು ಇಲ್ಲಿ ಬಳಿದಿದ್ದಾರೆ, ಆ ಯಾರೋ ನಾನೇ. ಇನ್ನೊಂದರಲ್ಲಿ ಗಾಜು ಸ್ವಚ್ಛವಾಗಿದೆ, ಕೈ ಇದೆ, ಆದರೆ ಎದುರಿಗೆ ನಿಂತವರ ಎಡ ನನಗೆ ಬಲದ ಕಡೆ ಕಾಣುತ್ತದೆ, ಗೊಂದಲವಾಯಿತು ಎಂದು ಒಳಗೊಬ್ಬ ವಕೀಲ ವಾದಿಸುತ್ತಾನೆ. ಮೂರನೆಯದರಲ್ಲಿ ಅವಳು "ನಿಂದ್ರಸೋ" ಅನ್ನುತ್ತಾಳೆ. ಅದಂತೂ ಆಗುವ ಮಾತಲ್ಲ. ಗಾಜು ಎರಡು ಪದರದ್ದು, ಅವಳ ಬಾಯಿ ಬಿದ್ದಿತ್ತು. ಆದರೂ ಕೇಳಿಸುತ್ತದೆ.

ಏನೂ ಗಮನಿಸಲಿಲ್ಲ, ದಿನಾ ಎತ್ತುವ ಕೈಯೇ ಅದು ಅಂದುಕೊಂಡೆ, ಎಂಬಲ್ಲಿಗೆ ಮನಸ್ಸನ್ನು ತಂದು ನಿಲ್ಲಿಸಿದ್ದೆ. ಅಷ್ಟರಲ್ಲಿ ಒಂದು ದಿನ ಸಾಹೇಬ ಕರೆದ. ಗಾಡಿಯೊಳಗಿನ ಯಂತ್ರ ಪ್ರತಿ ಕ್ಷಣದ ವೇಗ, ಎಂಜಿನ್ನು, ಎಣ್ಣೆ ಎಲ್ಲವನ್ನೂ ಬರೆದಿಡುತ್ತಿತ್ತು. ಕಂಪ್ಯೂಟರಿನಲ್ಲಿ ಆ ದಿನದ ಮೊದಲ ಸುತ್ತಿನ ಗೆರೆಗಳಿದ್ದವು.

"ಬಘ್, ಬಘ್," ನೋಡು ನೋಡು, ಎಂದ ಖುಷಿಯಲ್ಲಿ. ಮುಂದಿನದನ್ನೂ ಮರಾಠಿಯಲ್ಲೇ ಹೇಳಿದ. "ಇಲ್ಲಿ ಎಂಜಿನ್ ಬಂದ್ ಆಗಿದೆ. ಹನ್ನೊಂದು ಸೆಕೆಂಡು. ಅಲ್ಲಿ ಸಣ್ಣ ಇಳಿಜಾರಿದೆ, ವೇಗ ಜಾಸ್ತಿ ಬಿದ್ದಿಲ್ಲ, ಒಂದು ಹನಿ ಎಣ್ಣೆ ಖರ್ಚಾಗಿಲ್ಲ. ಇಷ್ಟು ಚಂದದ ತುಂಡು ನಮಗೆ ಎಲ್ಲೂ ಸಿಕ್ಕಿರಲಿಲ್ಲ. ಏನು ಮಾಡಿದೆ ಇಲ್ಲಿ?"

ನಕಾಶೆಯ ಚುಕ್ಕಿ ಕಿಲೋಮೀಟರ್ ಕಲ್ಲಿನ ಹತ್ತಿರ ಇತ್ತು. ಕಲ್ಲು ಬರುವ ಮೊದಲೇ ನಾನು ಕಾಲು ಎತ್ತಿದ್ದೆ. ಕಲ್ಲು ದಾಟಿದ ಮೇಲೆ ಒತ್ತಿದ್ದೆ. ಗೆರೆ ನೇರ ಇರಬೇಕೆಂದು ನಾನು ಎಷ್ಟು ಬಯಸಿದ್ದೆನೆಂದು ಆಗ ತಿಳಿಯಿತು. ನನಗೆ ನೆನಪಿಲ್ಲದ್ದು ನನ್ನ ಕಾಲಿಗೆ ಗೊತ್ತಿತ್ತು. ಕಾಲು ಅವಳನ್ನು ನೋಡಿದೆ. ಹನ್ನೊಂದು ಸೆಕೆಂಡು ಯೋಚನೆ ಮಾಡಿದೆ. ಆಮೇಲೆ ಸುತ್ತು ರದ್ದಾಗುತ್ತದೆ ಎಂದೋ ಏನೋ, ಒತ್ತಿದೆ.

"ಕುರಿ ಅಡ್ಡ ಬಂದಿದ್ದವು," ಎಂದೆ.

"ಆ ಕುರಿಗಳಿಗೆ ಶಾಲು ಹೊದಿಸಿ ಸತ್ಕಾರ ಮಾಡಬೇಕು," ಎಂದು ಸಾಹೇಬ ನಕ್ಕ.

ಮರುದಿನದಿಂದ ಹೊಸ ನಿಯಮ. ಆ ಕಲ್ಲಿನ ಹತ್ತಿರ ಪ್ರತಿ ಸುತ್ತಿನಲ್ಲೂ ಕಾಲು ಎತ್ತಬೇಕು. ದಿನಕ್ಕೆ ಐದು ಸಲ, ಯಾರೂ ನಿಂತಿರದ ಜಾಗದಲ್ಲಿ ಗಾಡಿಯ ಸಪ್ಪಳ ನಿಲ್ಲುತ್ತಿತ್ತು. ಆ ಮೌನದಲ್ಲಿ ಉಸುಕಿನ ಚೀಲಗಳ ಬೆಲ್ಟು ಕಿರುಗುಡುವುದು ಕೇಳಿಸುತ್ತಿತ್ತು. ಅದನ್ನು ನಾನು ಮಾಡಿದೆ, ತಿಂಗಳುಗಟ್ಟಲೆ. ಆಮೇಲೆ ಮೇಲಿನವರು ಡೀಸೆಲ್ಲೇ ಬೇಡ, ಪೂರ್ತಿ ಕರೆಂಟಿನದೇ ಮಾಡೋಣ ಅಂದರಂತೆ. ಉಸುಕನ್ನು ಶೆಡ್ಡಿನ ಹಿಂದೆ ಸುರಿದು ಗಾಡಿಯನ್ನು ಪುಣೆಗೆ ಒಯ್ದರು. ಅಂಥ ಗಾಡಿಗಳನ್ನು ಇಟ್ಟುಕೊಳ್ಳುವುದಿಲ್ಲ, ಕತ್ತರಿಸುತ್ತಾರೆ. ಇದನ್ನೂ ಕತ್ತರಿಸಿದೆವು ಎಂದು ಸಾಹೇಬ ಫೋನಿನಲ್ಲಿ ಹೇಳಿದ. ಅವನ ದನಿ ಅತ್ತವರ ದನಿಯಂತಿತ್ತು. ಆ ಗೆರೆಗಳು ಈಗ ಎಲ್ಲಿವೆಯೋ ಗೊತ್ತಿಲ್ಲ.

ಅತ್ತಿ ಬದುಕಿದಳು. ಬಲಗೈ, ಬಲಗಾಲು ಹೋದವು. ಮಾತು ತೊದಲುತ್ತಾ ಸ್ವಲ್ಪ ಸ್ವಲ್ಪ ತಿರುಗಿ ಬಂತು, ಅದರ ಜೊತೆಗೇ ಈ ಕಥೆಯೂ ಬಂತು. ನೋಡಲು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು.

"ನನ್ನ ತಮ್ಮನ ಮಗ ಗಾಡಿ ನಿಂದ್ರಿಸಿದ. ಉಸುಕಿನ ಚೀಲ ಇಳಿಸಿದ. ಮುಂದಿನ ಸೀಟಿನ್ಯಾಗ ಕುಂದ್ರಿಸ್ಕೊಂಡು ದವಾಖಾನಿಗಿ ಒಯ್ದ."

ಬಂದವರು ನನ್ನ ಬೆನ್ನು ತಟ್ಟುತ್ತಿದ್ದರು. ಹಾಲಿನ ಗಾಡಿಯಲ್ಲಿ ಜೊತೆಗೇ ಹೋಗಿದ್ದ ವೈನಿಗೆ ಇದು ನಿಜವಲ್ಲವೆಂದು ಗೊತ್ತು. ಆದರೆ ನಾನು ಎದುರಿಂದಲೇ ಹಾದುಹೋದದ್ದು ಗೊತ್ತಿಲ್ಲ. "ಇರ್ಲಿ ಬಿಡು, ಹಂಗಂದು ಸಮಾಧಾನ ಅದಾರ," ಎಂದು ಒಲೆಯ ಹತ್ತಿರ ಪಿಸುಗುಟ್ಟಿದಳು.

ನಾನು ಬಿಡಲಾರದೆ ಹೋದೆ. ಒಂದು ಸಂಜೆ ವೈನಿ ಕುರಿ ಕೂಡಿಹಾಕಲು ಹೋದಾಗ ಅತ್ತಿಯ ಹಾಸಿಗೆಯ ಪಕ್ಕ ಕೂತು ಹೇಳಿದೆ.

"ಅತ್ತಿ, ಅವತ್ತ ನಾ ನಿಂದ್ರಸಲಿಲ್ಲ."

"ನಿಂದ್ರಿಸಿದ್ದಿ."

"ಇಲ್ಲತ್ತಿ. ಹಾಲಿನ ಗಾಡ್ಯಾಂವ ಒಯ್ದಾನ ನಿನ್ನ."

"ಸಪ್ಪಳ ನಿಂತಿತ್ತು," ಅಂದಳು. ಒಂದೊಂದು ಮಾತಿಗೂ ತಡವಾಗುತ್ತಿತ್ತು. "ನಾ ಕೇಳೀನಿ. ನಿನ್ನ ಗಾಡಿ ಸಪ್ಪಳ ನಿಂತಿತ್ತು."

ಆಗ ನಾನು ಅವಳಿಗೆ ಆ ಗಾಡಿಯನ್ನು ವಿವರಿಸಿದೆ. ಸಾಹೇಬ ದೊಡ್ಡವರು ಬಂದಾಗ ವಿವರಿಸುತ್ತಿದ್ದ ಹಾಗೇ, ಕ್ರಮವಾಗಿ. ಒಳಗೆ ಎಂಜಿನ್ ಒಂದು, ಮೋಟರ್ ಒಂದು. ಕಾಲು ಎತ್ತಿದರೆ ಎಂಜಿನ್ ತಾನೇ ನಿಲ್ಲುತ್ತದೆ. ಸಪ್ಪಳ ನಿಂತರೂ ಗಾಡಿ ನಿಲ್ಲುವುದಿಲ್ಲ, ಹೋಗುತ್ತಲೇ ಇರುತ್ತದೆ. ಎಣ್ಣೆ ಉಳಿಯಲೆಂದು ಹಾಗೆ ಮಾಡಿದ್ದಾರೆ. ಅತ್ತಿ ಎಡಗೈಯಿಂದ ಕಂಬಳಿಯ ಅಂಚು ಹಿಡಿದುಕೊಂಡು ಎಲ್ಲವನ್ನೂ ಕೇಳಿದಳು. ಅವಳಿಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು.

"ಹಂಗಾರ," ಅಂದಳು, "ಕಾಲು ಯಾಕ ಎತ್ತಿದ್ದಿ?"

ಹೊರಗೆ ವೈನಿ ಕುರಿಗಳನ್ನು ಬಯ್ಯುತ್ತಿದ್ದಳು.

"ಕುರಿ ಅಡ್ಡ ಬಂದಿದ್ವು ಅತ್ತಿ."

ಆ ಬೆಳಿಗ್ಗೆ ಕುರಿಗಳೆಲ್ಲ ಅವಳ ಹಿಂದೆ, ಹೊಲದ ಕಡೆ ಇದ್ದವು. ಇದು ನನಗೆ ಗೊತ್ತಿದ್ದುದಕ್ಕಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಜೀವಮಾನದಲ್ಲಿ ಒಂದು ಮರಿಯನ್ನೂ ಅವಳು ಡಾಂಬರಿನ ಮೇಲೆ ಹೋಗಲು ಬಿಟ್ಟವಳಲ್ಲ.

"ಹೌದು," ಅಂದಳು. "ಕುರಿ."

ಆಮೇಲೆ ಗೋಡೆಯ ಕಡೆ ಹೊರಳಲು ನೋಡಿದಳು. ಅವಳಿಂದ ಆಗಲಿಲ್ಲ. ನಾನೇ ಎರಡೂ ಕೈ ಹಾಕಿ ಅವಳನ್ನು ಅತ್ತ ತಿರುಗಿಸಿ ಮಲಗಿಸಿದೆ.