ಬಾಗಿಲವರೆಗೆ ನಡೆದ ಬೊಂಬೆ

ಚುಕ್ಕಿಗೆ ಆ ಹೆಸರು ಬಂದದ್ದು ಗದ್ದದ ಮೇಲಿನ ಮಚ್ಚೆಯಿಂದ. ವಯಸ್ಸು ಇಪ್ಪತ್ತು ದಾಟಿದರೂ ಮನೆಯಲ್ಲಿ ಅವಳನ್ನು ಬೇರೆ ಹೆಸರಿನಿಂದ ಕರೆದವರಿಲ್ಲ. ಅನಿಮೇಷನ್ ಕಾಲೇಜಿನಲ್ಲಿ ಅವಳದು ಕೊನೆಯ ವರ್ಷ. ಅವಳು ಆರಿಸಿಕೊಂಡದ್ದು ಕಂಪ್ಯೂಟರಿನ ಚಿತ್ರಗಳನ್ನಲ್ಲ, ಬೊಂಬೆಗಳನ್ನು. ಬೊಂಬೆಯ ಕೈಯನ್ನು ಕೂದಲೆಳೆಯಷ್ಟು ಸರಿಸಬೇಕು, ಫೋಟೋ ತೆಗೆಯಬೇಕು, ಮತ್ತೆ ಸರಿಸಬೇಕು, ಮತ್ತೆ ತೆಗೆಯಬೇಕು. ದಿನವಿಡೀ ಹೀಗೆ ಜೀವ ತೇದರೆ ಪರದೆಯ ಮೇಲೆ ಬೊಂಬೆ ಒಮ್ಮೆ ಕೈಯೆತ್ತಿ ತಲೆ ಕೆರೆದುಕೊಳ್ಳುತ್ತದೆ.

"ಇಷ್ಟಕ್ಕೇನಾ ಬೆಳಗ್ಗೆಯಿಂದ ಕತ್ತಲೇಲಿ ಕೂತಿದ್ದು?" ಎಂದು ಅಣ್ಣ ಕೇಳುತ್ತಿದ್ದ. ಅವನದು ಕೊಂಕು ಮಾತಲ್ಲ. ನಿಜಕ್ಕೂ ಅವನಿಗೆ ಅರ್ಥವಾಗುತ್ತಿರಲಿಲ್ಲ.

ಮೂರನೆಯ ಮಹಡಿಯ ಮನೆ. ಒಂದು ನಡುಮನೆ, ಎರಡು ಕೋಣೆ. ಒಂದರಲ್ಲಿ ಅಣ್ಣ ಅತ್ತಿಗೆ, ಇನ್ನೊಂದರಲ್ಲಿ ಅಮ್ಮ ಮತ್ತು ಚುಕ್ಕಿ. ಅಡುಗೆಮನೆಯ ಹಿಂದೆ ಹಳೇ ಸಾಮಾನು ತುಂಬುವ ಒಂದು ಕಿರುಕೋಣೆಯಿತ್ತು. ಅದರ ಅರ್ಧ ಜಾಗ ಚುಕ್ಕಿಯ ಸ್ಟುಡಿಯೋ, ಮಿಕ್ಕರ್ಧ ಅತ್ತಿಗೆಯ ಬಟ್ಟೆ ಒಣಗಿಸುವ ಹಗ್ಗಗಳಿಗೆ. ಕಿಟಕಿಗೆ ಕಪ್ಪು ಬಟ್ಟೆ ಬಿಗಿದು, ಮೇಜಿನ ಕಾಲುಗಳನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ, ಒಂದು ದೀಪ ಹಚ್ಚಿಕೊಂಡು ಅವಳು ಕೂರುತ್ತಿದ್ದಳು. ಫ್ಯಾನ್ ಹಾಕುವಂತಿಲ್ಲ, ಬೊಂಬೆಯ ಬಟ್ಟೆ ಅಲುಗುತ್ತದೆ. ಬೆನ್ನ ಮೇಲೆ ಬೆವರು ನೀರಿನಂತೆ ಇಳಿಯುತ್ತಿತ್ತು.

ಅಮ್ಮ ಬದುಕಿಡೀ ಹೊಲಿಗೆ ಹೊಲಿದವಳು. ಬೀದಿಯ ಅರ್ಧ ಹೆಂಗಸರ ಅಳತೆ ಅವಳ ಬಾಯಲ್ಲೇ ಇತ್ತು. ಚುಕ್ಕಿ ಎರಡನೆಯ ವರ್ಷದಲ್ಲಿದ್ದಾಗ, ಎಲ್ಲರೂ ಹೊರಗೆ ಹೋಗಿದ್ದ ಒಂದು ದಿನ, ಅಮ್ಮ ಸ್ನಾನದ ಮನೆಯಲ್ಲಿ ಜಾರಿ ಬಿದ್ದಳು. ಒಳಗಿನಿಂದ ಚಿಲಕ ಹಾಕಿತ್ತು. ಕೂಗಿ ಕೂಗಿ ಗಂಟಲು ಒಣಗಿ, ಸಂಜೆ ಅತ್ತಿಗೆ ಬಂದು ಬಾಗಿಲು ಒಡೆಸುವವರೆಗೆ ತಣ್ಣನೆಯ ನೆಲದ ಮೇಲೆಯೇ ಬಿದ್ದಿದ್ದಳು. ಮುರಿದ ಸೊಂಟ ಕೂಡಿಕೊಂಡಿತು, ಗೋಡೆ ಹಿಡಿದು ನಡೆಯುವಂತಾದಳು. ಆದರೆ ಅಂದಿನ ಭಯ ಮಾತ್ರ ಎದೆಯೊಳಗೆ ಮನೆ ಮಾಡಿಕೊಂಡುಬಿಟ್ಟಿತು. ಮನೆಯ ಯಾವ ಬಾಗಿಲಿಗೂ ಒಳಚಿಲಕ ಉಳಿಯಲಿಲ್ಲ. ಅಣ್ಣನೇ ಸ್ಕ್ರೂ ಬಿಚ್ಚಿ ಎಲ್ಲವನ್ನೂ ಕಿತ್ತ. ಅಮ್ಮನನ್ನು ಒಂಟಿಯಾಗಿ ಬಿಡುವಂತಿಲ್ಲ ಎಂದೂ ತೀರ್ಮಾನವಾಯಿತು. ಅಣ್ಣ ಅತ್ತಿಗೆಗೆ ಕೆಲಸ. ಚುಕ್ಕಿ ಹೇಗೂ ಮನೆಯಲ್ಲೇ ಬೊಂಬೆ ಆಡಿಸುವವಳು. ಯಾರೂ ಅವಳನ್ನು ಕೇಳಲಿಲ್ಲ, ಅವಳೂ ಏನೂ ಹೇಳಲಿಲ್ಲ. ಕಾಲೇಜಿನವರು ಅತ್ತಿಗೆಗೆ ರಜೆಯಿರುವ ದಿನ ಬಂದುಹೋದರೆ ಸಾಕು, ಮಿಕ್ಕ ಕೆಲಸ ಮನೆಯಲ್ಲೇ ಮಾಡು ಎಂದು ಒಪ್ಪಿದರು. ದೊಡ್ಡ ಉಪಕಾರ ಎಂದು ಎಲ್ಲರೂ ಹೊಗಳಿದರು. ಚುಕ್ಕಿಗೆ ಮಾತ್ರ ಕೈಕಾಲು ಕಟ್ಟಿ ಕೂರಿಸಿದ ಹಾಗಾಯಿತು.

"ಚುಕ್ಕೀ, ಇದ್ದೀಯೇನೇ?"

"ಇದ್ದೀನಮ್ಮ."

ನಡುಮನೆಯಿಂದ ಈ ಕೂಗು ದಿನಕ್ಕೆಷ್ಟು ಸಲ ಬರುತ್ತಿತ್ತೋ ಲೆಕ್ಕವಿಲ್ಲ. ಉತ್ತರ ತಡವಾದರೆ ಅಮ್ಮ ಗೋಡೆ ಹಿಡಿದು ಬಂದು ಬಾಗಿಲು ತಳ್ಳುತ್ತಿದ್ದಳು. ಹೊರಗಿನ ಬೆಳಕು ಮೇಜಿನ ಮೇಲೆ ಬಿದ್ದು, ಅಷ್ಟು ಹೊತ್ತಿನ ಕೆಲಸ ಹಾಳು. ಹಾಗಾಗಿ ಚುಕ್ಕಿ ಉಸಿರು ಬಿಗಿಹಿಡಿದು ಬೊಂಬೆಯ ಬೆರಳು ಸರಿಸುತ್ತಿರುವಾಗಲೂ ಕಿವಿಯನ್ನು ನಡುಮನೆಯಲ್ಲೇ ಬಿಟ್ಟಿರುತ್ತಿದ್ದಳು.

ಮೊದಲ ಕಿರುಚಿತ್ರ ಹಿಟ್ಟಿನ ಚೆಂಡಿನದು. ಮೆಟ್ಟಿಲ ಮೇಲಿಂದ ಪುಟಿದು ಬರುವ ಚೆಂಡು. ಕಾಲೇಜಿನ ಮೇಡಂ ನೇರ ಮಾತಿನವರು. "ಪುಟೀತಿದೆ ಕಣಮ್ಮಾ, ಆದ್ರೆ ಭಾರ ಇಲ್ಲ. ಹತ್ತಿ ತೇಲಿದ ಹಾಗಿದೆ" ಎಂದರು.

ಎರಡನೆಯದರ ನಾಯಕ ಒಂದು ಟೊಮೆಟೊ. ಬೆಂಕಿಪೊಟ್ಟಣಗಳ ಬೆಟ್ಟ ಹತ್ತುವುದು ಅದರ ಕಥೆ. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಚುಕ್ಕಿ ಊಟಕ್ಕೆ ಎದ್ದಳು. ವಾಪಸು ಬಂದು ನೋಡಿದರೆ ಬೆಟ್ಟವಿದೆ, ನಾಯಕನಿಲ್ಲ.

"ಅತ್ತಿಗೇ, ಇಲ್ಲಿದ್ದ ಟೊಮೆಟೊ ಎಲ್ಲಿ?"

"ಅಯ್ಯೋ, ಅದು ನಿನ್ನ ಹೀರೋನಾ? ಬಟ್ಟೆ ತೆಗೆಯೋಕೆ ಬಂದೆ, ಕಾಣಿಸ್ತು. ಹೆಚ್ಚಿಬಿಟ್ನಲ್ಲೇ! ಈಗಷ್ಟೇ ಬಡಿಸಿದ್ನಲ್ಲ, ಚೆನ್ನಾಗಿದೆ ಅಂದ್ಯಲ್ಲ!"

ಅಳುವುದೋ ನಗುವುದೋ ತಿಳಿಯಲಿಲ್ಲ. ಬೇರೆ ಟೊಮೆಟೊ ಇಟ್ಟು ಚಿತ್ರ ಮುಗಿಸಿದಳು. ಪರದೆಯ ಮೇಲೆ ನಾಯಕ ಅರ್ಧ ದಾರಿಯಲ್ಲಿ ಇದ್ದಕ್ಕಿದ್ದಂತೆ ದಪ್ಪಗಾದ. ತರಗತಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಡಂ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಅವಳೊಬ್ಬಳನ್ನೇ ಕರೆದು, "ಈಗ ಭಾರ ಬಂದಿದೆ. ಮುಂದಿನದು ನಿನ್ನದೇ ಆಗಿರಲಿ. ನಿನಗೆ ಚೆನ್ನಾಗಿ ಗೊತ್ತಿರೋದನ್ನ ಮಾಡು" ಎಂದರು.

ಚುಕ್ಕಿಗೆ ಚೆನ್ನಾಗಿ ಗೊತ್ತಿದ್ದುದು ಒಂದೇ. ರಟ್ಟಿನಿಂದ ಒಂದು ಕೋಣೆ ಕಟ್ಟಿದಳು. ಗೋಡೆ, ಕಿಟಕಿ, ಮಂಚ, ಒಂದು ಬಾಗಿಲು. ತಂತಿಯನ್ನು ಬಗ್ಗಿಸಿ ಮೂಳೆ ಮಾಡಿ, ಸ್ಪಂಜು ಸುತ್ತಿ ಒಬ್ಬ ಹೆಂಗಸನ್ನು ಮಾಡಿದಳು. ಅವಳು ಮಂಚದಿಂದ ಏಳುತ್ತಾಳೆ, ಚಪ್ಪಲಿ ಹುಡುಕುತ್ತಾಳೆ, ಬಾಗಿಲವರೆಗೆ ನಡೆಯುತ್ತಾಳೆ, ನಿಲ್ಲುತ್ತಾಳೆ. ತಿರುಗಿ ಬಂದು ಚಾದರ ಸರಿಮಾಡುತ್ತಾಳೆ. ಮತ್ತೆ ಹೊರಡುತ್ತಾಳೆ, ಮತ್ತೆ ಬಾಗಿಲಲ್ಲೇ ನಿಲ್ಲುತ್ತಾಳೆ. ಇಷ್ಟೇ ಚಿತ್ರ.

ಬೊಂಬೆಗೆ ಬಟ್ಟೆ ಹೊಲಿದವಳು ಅಮ್ಮ. ಬಹಳ ದಿನದ ಮೇಲೆ ಸೂಜಿ ಹಿಡಿದಿದ್ದಳು. ಹೆಬ್ಬೆರಳಷ್ಟಗಲದ ರವಿಕೆಗೆ ತೋಳು ಕೂರಿಸಿ, ಕಾಣಿಸದ ಕಡೆಯೂ ಅಂಚು ಮಡಿಸಿದಳು. ನಾಲಿಗೆಯ ತುದಿ ಹಲ್ಲಿನ ನಡುವೆ ಸಿಕ್ಕಿಸಿಕೊಂಡು ಹೊಲಿಯುತ್ತಿದ್ದ ಅಮ್ಮನನ್ನು ಚುಕ್ಕಿ ಕೆಲಸ ಬಿಟ್ಟು ನೋಡುತ್ತ ಕೂತಳು. ಹೊಲಿಯುವಷ್ಟು ಹೊತ್ತೂ ಅಮ್ಮ ಒಮ್ಮೆಯೂ ಅವಳನ್ನು ಕೂಗಿರಲಿಲ್ಲ.

ಚಿತ್ರ ಮುಗಿದಾಗ ಅಮ್ಮನಿಗೇ ಮೊದಲು ತೋರಿಸಿದಳು. ಅಮ್ಮ ಎರಡು ಸಲ ನೋಡಿದಳು.

"ನಡಿಗೆ ಬಲು ಚೆನ್ನಾಗಿದೆ. ಆದ್ರೆ ಇವಳು ಯಾಕೆ ಹೊರಗೆ ಹೋಗೋದೇ ಇಲ್ಲ?"

"ಹೋಗೋಕಾಗಲ್ಲಮ್ಮ."

"ಯಾರು ತಡೆದಿದ್ದಾರೆ? ಬಾಗಿಲಾಚೆ ಯಾರಾದ್ರೂ ಇದ್ದಾರಾ? ಹೊರಗಡೆಯಿಂದ ಚಿಲಕ ಹಾಕಿದ್ಯಾ?"

"ಚಿಲಕ ಇಲ್ಲ."

ಅಮ್ಮ ಮಗಳ ಮುಖ ನೋಡಿದಳು. ಬೊಂಬೆಯ ರವಿಕೆ ಭುಜದ ಹತ್ತಿರ ಸುಕ್ಕಾಗಿದೆ ಎಂದಷ್ಟೇ ಹೇಳಿದಳು.

ವರ್ಷದ ಕೊನೆಯ ಪ್ರದರ್ಶನಕ್ಕೆ ಆ ಚಿತ್ರ ಆಯ್ಕೆಯಾಯಿತು. ದೊಡ್ಡ ಸಭಾಂಗಣ, ಹೊರಗಿನ ಸ್ಟುಡಿಯೋದವರೂ ಬರುತ್ತಾರೆ. "ನೀನು ಇರಲೇಬೇಕು, ನೆಪಗಿಪ ನಡೆಯಲ್ಲ" ಎಂದು ಮೇಡಂ ಫೋನು ಮಾಡಿ ಹೇಳಿದರು. ಅತ್ತಿಗೆ ಅಂದು ರಜೆ ಹಾಕಿದಳು. ತನ್ನ ಒಳ್ಳೆಯ ಸೀರೆಯನ್ನೇ ಕೊಟ್ಟು, ನೆರಿಗೆ ಹಿಡಿದು ಉಡಿಸಿದಳು. ಅಮ್ಮ ಬಾಗಿಲವರೆಗೆ ಬಂದು, "ಹುಷಾರಾಗಿ ಹೋಗಿ ಬಾ" ಎಂದಳು. ಅವಳ ದನಿ ಸ್ವಲ್ಪವೂ ನಡುಗಲಿಲ್ಲ. ಅದು ಚುಕ್ಕಿಗೆ ಇನ್ನಷ್ಟು ಗಾಬರಿ ಹುಟ್ಟಿಸಿತು.

ಬಸ್ ನಿಲ್ದಾಣದಲ್ಲಿ ಜನ ಜಾತ್ರೆಯಂತೆ ನೆರೆದಿದ್ದರು. ಬಸ್ಸು ಬಂತು. ಮುಂದಿನವರು ಹತ್ತಿದರು. ಚುಕ್ಕಿ ಕಂಬಿ ಹಿಡಿದು ಒಂದು ಕಾಲು ಮೇಲಿಟ್ಟಳು. ಆಗ ಬೆನ್ನ ಹಿಂದೆ "ಇದ್ದೀಯೇನೇ?" ಎಂದು ಯಾರೋ ಕೇಳಿದ ಹಾಗಾಯಿತು. ತಿರುಗಿ ನೋಡಿದರೆ ಹೂವಿನ ಬುಟ್ಟಿಯ ಹೆಂಗಸೊಬ್ಬಳು ಅವಳನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ಹತ್ತಮ್ಮಾ, ಇಲ್ಲಾ ದಾರಿ ಬಿಡು!"

ಚುಕ್ಕಿ ದಾರಿ ಬಿಟ್ಟಳು. ಬಸ್ಸು ಹೋಯಿತು. ಅವಳು ಸೀರೆಯ ನೆರಿಗೆ ಮುಷ್ಟಿಯಲ್ಲಿ ಹಿಡಿದು, ಬೀದಿಯುದ್ದಕ್ಕೂ ಓಡಿ, ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ ಬಾಗಿಲು ತಳ್ಳಿದಳು. ಸ್ನಾನದ ಮನೆಯ ನೆಲ, ನೀರು, ಅಮ್ಮನ ಕಾಲು, ಏನೇನೋ ಕಣ್ಣ ಮುಂದೆ ಬಂದಿತ್ತು.

ಅಮ್ಮ ಮತ್ತು ಅತ್ತಿಗೆ ನೆಲದ ಮೇಲೆ ಬಟಾಣಿ ಸುಲಿಯುತ್ತ ಯಾರದೋ ಮದುವೆಯ ಮಾತಾಡಿ ಬಿದ್ದು ಬಿದ್ದು ನಗುತ್ತಿದ್ದರು. ಚುಕ್ಕಿಯನ್ನು ನೋಡಿದ್ದೇ ನಗು ನಿಂತುಹೋಯಿತು.

"ಯಾಕೇ, ಏನಾಯ್ತು? ಬಸ್ಸು ಸಿಗಲಿಲ್ವಾ?" ಎಂದಳು ಅತ್ತಿಗೆ.

"ಅಮ್ಮ ಕೂಗಿದ ಹಾಗಾಯ್ತು."

"ನಾನು ಯಾಕೆ ಕೂಗ್ಲಿ?" ಎಂದಳು ಅಮ್ಮ. ಕೈಯಲ್ಲಿದ್ದ ಬಟಾಣಿಯ ಸಿಪ್ಪೆ ಹಾಗೇ ಇತ್ತು. "ಈಗ್ಲೂ ಹೊತ್ತು ಮೀರಿಲ್ಲ. ಆಟೋ ಹಿಡಿದು ಹೋಗು."

ಚುಕ್ಕಿ ಹೋಗಲಿಲ್ಲ. ತಲೆನೋವು ಎಂದಳು. ಸೀರೆ ಬಿಚ್ಚಿ ಮಡಿಸಿಟ್ಟು, ಕಿರುಕೋಣೆಗೆ ಹೋಗಿ ಒಣಗಿದ ಬಟ್ಟೆಗಳ ನಡುವೆ ಕೂತಳು. ಅಷ್ಟು ಹೊತ್ತಿಗೆ ಅವಳ ಚಿತ್ರ ಪರದೆಯ ಮೇಲೆ ಬಂದು ಹೋಗಿರಬೇಕು. ಸ್ವಲ್ಪ ಹೊತ್ತಿಗೆ ಅಮ್ಮ ಗೋಡೆ ಹಿಡಿದು ಬಂದಳು. ಬಾಗಿಲನ್ನು ತಳ್ಳಲಿಲ್ಲ, ಬೆರಳಿಂದ ತಟ್ಟಿದಳು. ಆ ಮನೆಯಲ್ಲಿ ಚುಕ್ಕಿಯ ಬಾಗಿಲನ್ನು ಯಾರಾದರೂ ತಟ್ಟಿದ್ದು ಅದೇ ಮೊದಲು.

"ನನಗೆ ಭಯ ಆಗತ್ತೆ, ನಿಜ. ನೀನು ಉತ್ತರ ಕೊಟ್ರೆ ಸಮಾಧಾನ ಆಗತ್ತೆ, ಅದೂ ನಿಜ. ಆದ್ರೆ ಇವತ್ತು ನನ್ನ ನೆಪ ಹೇಳಬೇಡ ಮಗಳೇ. ಇವತ್ತು ನಾನು ಕೂಗಲಿಲ್ಲ."

ಚುಕ್ಕಿಗೆ ಅಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಇನ್ನು ದಾರಿಯಿಲ್ಲವಲ್ಲ ಎಂದು ಅಳು ಬಂತು.

ಮರುದಿನ ಮೇಡಂ ಫೋನು ಮಾಡಿ ಚೆನ್ನಾಗಿ ಬೈದರು. ಬೈದು ಮುಗಿಸಿ, ಸ್ಟುಡಿಯೋದವರೊಬ್ಬರಿಗೆ ಚಿತ್ರದ ಆ ಹೆಂಗಸು ಚಪ್ಪಲಿ ಹುಡುಕುವ ರೀತಿ ಬಹಳ ಹಿಡಿಸಿತಂತೆ, ಕೆಲಸಕ್ಕೆ ಕರೆದಿದ್ದಾರೆ ಎಂದರು. ಅಣ್ಣ, ಅತ್ತಿಗೆ, ಅಮ್ಮ ಮೂವರೂ ಕೂತು ಮಾತಾಡಿದರು. ಹಗಲು ಅಮ್ಮನ ಜೊತೆಗಿರಲು ಕೆಳಗಿನ ಮನೆಯ ವಿಧವೆಯೊಬ್ಬರು ಒಪ್ಪಿದರು. ಅವರಿಗೂ ಒಂಟಿತನ ಸಾಕಾಗಿತ್ತು. ಬಿಡಿಸಲಾಗದ ಗಂಟು ಎಂದು ವರ್ಷಗಟ್ಟಲೆ ಅಂದುಕೊಂಡದ್ದು ಒಂದು ಸಂಜೆಯ ಮಾತಿನಲ್ಲಿ ಬಿಚ್ಚಿಕೊಂಡಿತು. ಇಷ್ಟು ಸುಲಭವಿದ್ದರೆ ಮೊದಲೇ ಯಾಕೆ ಯಾರೂ ಕೇಳಲಿಲ್ಲ, ತಾನಾದರೂ ಯಾಕೆ ಕೇಳಲಿಲ್ಲ ಎಂಬುದು ಚುಕ್ಕಿಯ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಮೊದಲ ದಿನ ಅಣ್ಣನೇ ಸ್ಕೂಟರಿನಲ್ಲಿ ಬಿಟ್ಟುಬಂದ. ಸ್ಟುಡಿಯೋದಲ್ಲಿ ಹಲ್ಲುಪುಡಿಯ ಜಾಹೀರಾತಿನ ಕೆಲಸ ನಡೆದಿತ್ತು. ಮಾತಾಡುವ ಹಲ್ಲೊಂದಕ್ಕೆ ಜೇಡಿಮಣ್ಣಿನಲ್ಲಿ ಬಾಯಿಗಳನ್ನು ಮಾಡಬೇಕು: ನಗುವ ಬಾಯಿ, ಆಕಳಿಸುವ ಬಾಯಿ, 'ಅ' ಎನ್ನುವ ಬಾಯಿ, 'ಉ' ಎನ್ನುವ ಬಾಯಿ. ನಾಲ್ಕೂ ಕಡೆ ಕಪ್ಪು ಪರದೆ, ಗಾಳಿಯಿಲ್ಲ. ಮಿಕ್ಕವರು ಆಗಾಗ ಉಸ್ಸೆಂದು ಎದ್ದು ಹೊರಗೆ ಹೋಗಿ ಬರುತ್ತಿದ್ದರು. ಚುಕ್ಕಿ ಏಳಲಿಲ್ಲ.

ಮಧ್ಯಾಹ್ನ ಹಿರಿಯ ಕೆಲಸಗಾರ್ತಿಯೊಬ್ಬಳು ಬುತ್ತಿ ಹಿಡಿದು ಬಾಗಿಲಲ್ಲಿ ನಿಂತಳು. "ಬಾರೇ, ಎಲ್ರೂ ತಾರಸಿ ಮೇಲೆ ಊಟ ಮಾಡ್ತೀವಿ. ಒಳ್ಳೆ ಗಾಳಿ ಇದೆ."

"ಇದೊಂದು ಬಾಯಿ ಮುಗಿಸಿ ಬರ್ತೀನಿ ಅಕ್ಕ" ಎಂದಳು ಚುಕ್ಕಿ.

ಅಕ್ಕ ಸ್ವಲ್ಪ ಕಾದಳು. ಆಮೇಲೆ ಬಾಗಿಲನ್ನು ತೆರೆದೇ ಬಿಟ್ಟು ಮೆಟ್ಟಿಲು ಹತ್ತಿದಳು. ಚುಕ್ಕಿ ಬೆರಳು ಒದ್ದೆ ಮಾಡಿಕೊಂಡು, ಮಣ್ಣಿನ ಕೆಳತುಟಿಯನ್ನು ಚೂರು ಒತ್ತಿ, ಸರಿಯಾಯಿತೇ ಎಂದು ತಲೆ ವಾಲಿಸಿ ನೋಡಿದಳು. ಸರಿಯಾಗಿರಲಿಲ್ಲ. ಮತ್ತೆ ಮಾಡಿದಳು.