ಮುಹೂರ್ತಕ್ಕೆ ಮೊದಲು ಕೈಕೊಟ್ಟ ಬೈಕು

ಕಳೆದ ಚಳಿಗಾಲದ ಮಾತು. ಬಹ್ರೇನ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದ ಕುಂದಾಪುರದ ಸುಮಾಳಿಗೆ ಮದುವೆ ಗೊತ್ತಾಗಿತ್ತು. ಅವಳ ಅಪ್ಪ, ಅಮ್ಮ ಊರಿನಿಂದ ಬಂದಿದ್ದರು. ಹಡಗಿನಲ್ಲಿ ಕೆಲಸ ಮಾಡುವ ಅಣ್ಣನಿಗೆ ಮಾತ್ರ ರಜೆ ಸಿಕ್ಕಿರಲಿಲ್ಲ. ಹೋಮಕ್ಕೆ ಅರಳು ಹಾಕುವಾಗ ಅದನ್ನು ಮದುಮಗಳ ಬೊಗಸೆಗೆ ತುಂಬುವವನು ಅಣ್ಣನೇ ಆಗಬೇಕು. "ನೀವೇ ನನ್ನ ಅಣ್ಣ ಆಗಿ ನಿಲ್ಬೇಕು. ತಪ್ಪಿಸ್ಬೇಡಿ ಮಾರಾಯ್ರೆ" ಎಂದಿದ್ದಳು. ದಾವಣಗೆರೆಯ ನನಗೆ ಒಡಹುಟ್ಟಿದ ತಂಗಿಯರಿಲ್ಲ. ಒಳಗೊಳಗೇ ಹಿಗ್ಗಿದ್ದೆ.

ಮದುವೆಯ ದಿನ ಸಿತ್ರಾದ ಕಾರ್ಖಾನೆಯಲ್ಲಿ ನನ್ನ ಪಾಳಿ ಬೆಳಿಗ್ಗೆ ಮುಗಿಯಿತು. ಹೆಂಡತಿ ಶೈಲಾ ಕಾರಿನಲ್ಲಿ ಮೊದಲೇ ಹೋಗಿದ್ದಳು. ನಾನು ಪಂಚೆ, ಶಲ್ಯವನ್ನು ಚೀಲಕ್ಕೆ ತುಂಬಿಕೊಂಡು ನನ್ನ ಹಳೆಯ ಬೈಕಿನಲ್ಲಿ ಮದುವೆ ಹಾಲ್ ಇದ್ದ ಮನಾಮಕ್ಕೆ ಹೊರಟೆ. ಸಿತ್ರಾ ದಾಟುವ ಮುನ್ನವೇ ಬೈಕು ಎರಡು ಸಲ ಮುಗ್ಗರಿಸಿ ನಿಂತುಬಿಟ್ಟಿತು.

ಕೀಲಿ ತಿರುಗಿಸಿದರೆ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು ಒಂದು ಕ್ಷಣ ಝುಂಯ್ ಎನ್ನಬೇಕು. ಸದ್ದೇ ಇಲ್ಲ. ಫ್ಯೂಸ್ ತೆಗೆದು ನೋಡಿದೆ, ಚೆನ್ನಾಗಿತ್ತು. ಕರೆಂಟಿನ ಕೆಲಸ ನನ್ನ ಹೊಟ್ಟೆಪಾಡು, ಆದರೆ ಕೈಯಲ್ಲಿ ಒಂದು ತುಂಡು ವೈರೂ ಇರಲಿಲ್ಲ. ಅಷ್ಟರಲ್ಲಿ ಶೈಲಾಳ ಫೋನ್: "ಎಲ್ಲಿದೀರಿ? ಭಟ್ರು ಹುಡುಗಿ ಅಣ್ಣ ಎಲ್ಲಿ ಅಂತ ಕೇಳ್ತಿದಾರೆ!"

ಆಗ ಮೀನಿನ ಬಲೆ ಹೇರಿಕೊಂಡ ಪಿಕಪ್ ಒಂದು ಪಕ್ಕಕ್ಕೆ ಬಂದು ನಿಂತಿತು. ಇಳಿದವರು ಬಿಳಿ ಗಡ್ಡದ ಬಹ್ರೇನಿ. ಹೆಸರು ಅಬು ಹಸನ್ ಎಂದರು. ನಮ್ಮ ಮಾತೆಲ್ಲ ಇಲ್ಲಿನ ಹರಕು ಹಿಂದಿಯಲ್ಲಿ. ತಂಗಿಯ ಮದುವೆ ಎಂದೆ.

"ಶಾದಿ!" ಎಂದು ಅವರು ಕಣ್ಣರಳಿಸಿದರು. "ಸ್ವಲ್ಪ ಹೊತ್ತು ನೋಡೋಣ. ಆಗದಿದ್ದರೆ ನಾನೇ ಬಿಡ್ತೀನಿ. ಏನು ಬೇಕು?"

"ಒಂದು ಬಲ್ಬು, ಎರಡು ವೈರು."

ದೋಣಿಗೆಂದು ಇಟ್ಟುಕೊಂಡಿದ್ದ ಚಿಕ್ಕ ಬಲ್ಬು, ವೈರು ಎರಡೂ ಅವರ ಡಬ್ಬದಲ್ಲಿದ್ದವು. ಪಂಪಿನ ಸಾಕೆಟ್ಟಿಗೆ ಬಲ್ಬು ಹಿಡಿದು ಕೀಲಿ ತಿರುಗಿಸಿದೆವು. ಹತ್ತಲಿಲ್ಲ. ಅಂದರೆ ಅಲ್ಲಿಗೆ ಕರೆಂಟೇ ಬರುತ್ತಿಲ್ಲ. ಬ್ಯಾಟರಿಯಿಂದ ನೇರವಾಗಿ ಪಂಪಿಗೆ ವೈರು ಕೊಟ್ಟೆ. ಝುಂಯ್! ಅಬು ಹಸನ್ ಚಪ್ಪಾಳೆ ತಟ್ಟಿದರು. ಪಂಪು ಸರಿಯಿದೆ, ಅದಕ್ಕೆ ಕರೆಂಟು ಬಿಡುವ ರಿಲೇ ಸತ್ತಿದೆ ಎಂದು ಗೊತ್ತಾಯಿತು. ನನ್ನ ಬೈಕಿನಲ್ಲಿ ಹಾರ್ನಿಗೂ ಅದೇ ಬಗೆಯ ರಿಲೇ ಇತ್ತು. ಅದನ್ನು ಕಿತ್ತು ಇಲ್ಲಿ ಕೂರಿಸಿದೆ. ಒಂದೇ ಸಲಕ್ಕೆ ಎಂಜಿನ್ ಹತ್ತಿಕೊಂಡಿತು.

"ಇನ್ನು ನನಗೆ ಹಾರ್ನ್ ಇಲ್ಲ" ಎಂದೆ.

"ನನಗಿದೆಯಲ್ಲ! ಹಿಂದೆ ಬಾ. ಯಲ್ಲಾ, ಹೊರಡು!"

ಮನಾಮದವರೆಗೂ ಅವರು ಮುಂದೆ, ನಾನು ಹಿಂದೆ. ಬೇಕಾದ ಕಡೆ ಹಾರ್ನ್, ಬೇಡದ ಕಡೆಯೂ ಹಾರ್ನ್. ಪಕ್ಕದ ಕಾರಿನವರು ಗಾಜು ಇಳಿಸಿ ನೋಡಿದರೆ ಅಬು ಹಸನ್ ಹೊರಗೆ ಕೈ ಚಾಚಿ "ಶಾದಿ, ಶಾದಿ" ಎಂದು ಕೂಗುತ್ತಿದ್ದರು. ಹೆಲ್ಮೆಟ್ಟಿನೊಳಗೆ ನಾನು ಒಬ್ಬನೇ ನಗುತ್ತಿದ್ದೆ.

ಹಾಲ್ ಮುಟ್ಟಿದಾಗ ಹೋಮದ ಬೆಂಕಿ ಉರಿಯುತ್ತಿತ್ತು. ಅಡುಗೆಯವರು ಕೊಟ್ಟ ಕಡಲೆಹಿಟ್ಟಿನಲ್ಲಿ ಕೈ ಉಜ್ಜಿ, ಪಂಚೆ ಸುತ್ತಿ ಓಡಿದೆ. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಗ್ರೀಸ್ ಹೋಗಿರಲಿಲ್ಲ. ಆ ಕೈಯಲ್ಲೇ ಬಿಳಿ ಅರಳನ್ನು ಸುಮಾಳ ಬೊಗಸೆಗೆ ತುಂಬಿದೆ. ಅವಳು ನನ್ನ ಬೆರಳು ನೋಡಿ ನಕ್ಕಳು, ನಗುತ್ತಲೇ ಕಣ್ಣಲ್ಲಿ ನೀರು ತಂದುಕೊಂಡಳು. "ಬಂದ್ರಲ್ಲ ಅಣ್ಣ, ಸಾಕು" ಎಂದಳು.

ಬಾಗಿಲಲ್ಲೇ ನಿಂತು ಹೊರಡಲು ನೋಡುತ್ತಿದ್ದ ಅಬು ಹಸನ್‌ರನ್ನು ಸುಮಾಳ ಅಮ್ಮ ಬಿಡಲಿಲ್ಲ. ಎಲೆಯ ಮುಂದೆ ಕೂರಿಸಿ ತಾವೇ ಹೋಳಿಗೆ ಬಡಿಸಿದರು. ಅಮ್ಮನಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ಆದರೂ ಇಬ್ಬರ ಮಾತು ನಿಲ್ಲಲೇ ಇಲ್ಲ. ಗಂಡಿನ ಕಡೆಯ ಹಿರಿಯರೊಬ್ಬರು ಕುತೂಹಲದಿಂದ, "ಇವರು ಯಾರು?" ಎಂದು ಕೇಳಿದರು.

ಅಮ್ಮ ಇನ್ನೊಂದು ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತ, "ನಮ್ಮ ಕಡೆಯವ್ರೇ ಮಾರಾಯ್ರೆ" ಎಂದರು.

ಈ ನೆಲದಲ್ಲಿ ನಾನು ಬಹಳ ಕಾಲದಿಂದ ಇದ್ದೇನೆ. ನನಗೂ ಇಲ್ಲಿ ನಮ್ಮ ಕಡೆಯವರಿದ್ದಾರೆ ಎಂದು ಮನಸ್ಸಿಗೆ ನಾಟಿದ್ದು ಆ ಊಟದ ಪಂಕ್ತಿಯಲ್ಲಿ.